ಒಂದೇ ಸೂಲಿನ ಎಂಟು ಮರಿಗಳು

ತಾಯಿಗೆ ಗಬ್ಬದ ಕಾಲದಲ್ಲಿ ಪ್ರೋಟೀನ್ ಕಡಿಮೆಯಾದರೆ ಮರಿಯ ಬೆಳವಣಿಗೆಯೂ ಮೈಯೊಳಗಿನ ಕೊಬ್ಬೂ ಹೇಗೆ ಬದಲಾಗುತ್ತವೆ ಎಂಬುದನ್ನು ತಿಳಿಯಲು ನಾನು ಬಿಳಿ ಇಲಿಗಳ ಮೇಲೆ ಪ್ರಯೋಗ ನಡೆಸಿದೆ. ನೈತಿಕ ಸಮಿತಿಯ ಅನುಮತಿ ದೊರೆತ ಬಳಿಕ ಹೆಣ್ಣಿಲಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶೇಕಡಾ 20 ಕೇಸೀನ್ (ಹಾಲಿನ ಪ್ರೋಟೀನ್) ಇರುವ ಆಹಾರವನ್ನೂ ಇನ್ನೊಂದಕ್ಕೆ ಶೇಕಡಾ 8 ಕೇಸೀನ್ ಇರುವ ಆಹಾರವನ್ನೂ ಕೊಟ್ಟೆ. ತೆಗೆದ ಕೇಸೀನಿನ ಜಾಗವನ್ನು ಪಿಷ್ಟದಿಂದ ತುಂಬಿದ್ದರಿಂದ ಎರಡರ ಕ್ಯಾಲೊರಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಕೊಟ್ಟದ್ದು ಸಮನಾದ ಮಾತ್ರಕ್ಕೆ ತಿಂದದ್ದು ಸಮನಾಗುವುದಿಲ್ಲ. ಹೀಗಾಗಿ ದಿನವೂ ಒಂದೇ ಹೊತ್ತಿಗೆ ಉಳಿದ ಆಹಾರವನ್ನು ತೂಗಿ, ಹಾಸಿನ ಹೊಟ್ಟಿನಲ್ಲಿ ಚೆಲ್ಲಿದ ಚೂರುಗಳನ್ನು ಜರಡಿ ಹಿಡಿದು ಲೆಕ್ಕದಿಂದ ಕಳೆಯುತ್ತಿದ್ದೆ. ಬೇಸರದ ಕೆಲಸವೇ ಹೌದು.

ಇಲಿ ಸುಮಾರು 22 ದಿನಕ್ಕೆ ಈಯುತ್ತದೆ. ಈದ ಮೇಲೆ ಮರಿಯು ಅದೇ ತಾಯಿಯ ಹಾಲು ಕುಡಿದರೆ, ಮುಂದೆ ಕಾಣುವ ವ್ಯತ್ಯಾಸವು ಗರ್ಭದಲ್ಲಿ ಆದದ್ದೋ ಹಾಲಿನಿಂದ ಆದದ್ದೋ ಹೇಳಲಾಗದು. ಅದಕ್ಕಾಗಿ ಹುಟ್ಟಿದ ಒಂದು ದಿನದೊಳಗೆ ಇಡೀ ಸೂಲನ್ನೇ ಅದಲುಬದಲು ಮಾಡಿದೆ. ಪ್ರೋಟೀನ್ ಕೊರತೆಯ ತಾಯಿಯ ಮರಿಗಳು ಚೆನ್ನಾಗಿ ಉಂಡ ತಾಯಿಯ ಬಳಿಗೂ, ಅದರ ಮರಿಗಳು ಕೊರತೆಯ ತಾಯಿಯ ಬಳಿಗೂ ಹೋದವು. ಹೋಲಿಕೆಯ ಗುಂಪಿನ ಮರಿಗಳನ್ನೂ ತಮ್ಮ ತಾಯಿಯಂತೆಯೇ ಉಂಡ ಬೇರೊಂದು ತಾಯಿಗೆ ಒಪ್ಪಿಸಿದೆ, ಏಕೆಂದರೆ ತಾಯಿ ಬದಲಾಗುವುದೇ ಮರಿಗೆ ಒಂದು ಹೊಡೆತ. ಪ್ರತಿ ತಾಯಿಯ ಬಳಿ ಎಂಟೇ ಮರಿಗಳನ್ನು ಉಳಿಸಿದೆ. ಮೂರೋ ನಾಲ್ಕೋ ಮರಿಗಳಿದ್ದರೆ ಒಂದೊಂದಕ್ಕೂ ಹಾಲು ಹೆಚ್ಚು ಸಿಕ್ಕಿ, ಆಹಾರದ ಪರೀಕ್ಷೆಗೆ ಸಂಬಂಧವಿಲ್ಲದೆಯೇ ಅವು ಕೊಬ್ಬಿಬಿಡುತ್ತವೆ.

ಕೊರತೆಯ ಗರ್ಭದಿಂದ ಬಂದ ಮರಿಗಳು ಹುಟ್ಟುವಾಗ ಚಿಕ್ಕವಾಗಿದ್ದು, ಒಳ್ಳೆಯ ಹಾಲು ಸಿಕ್ಕಿದಾಗ 21ನೇ ದಿನದ ಹೊತ್ತಿಗೆ ತೂಕದಲ್ಲಿ ಉಳಿದವನ್ನು ಹಿಡಿದವು. ತಕ್ಕಡಿ ಹೇಳಿದ್ದು ಅಷ್ಟೇ. ಏರಿದ ತೂಕದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ತಿಳಿಯಲು ಕರುಳಿನೊಳಗಿನದನ್ನು ತೆಗೆದು, ದೇಹವನ್ನು ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಪುಡಿಮಾಡಿ, ಪೆಟ್ರೋಲಿಯಂ ಈಥರಿನಲ್ಲಿ ಕೊಬ್ಬನ್ನು ಕರಗಿಸಿ ತೆಗೆಯಬೇಕಾಯಿತು.

ಇಲ್ಲಿಯೇ ನಾನು ಎಡವಿದ್ದು. ಗುಂಪಿಗೆ ಆರು ತಾಯಿ, ಎಂಟೆಂಟು ಮರಿ, ಒಟ್ಟು 48 ಎಂದು ಬರೆದು ಲೆಕ್ಕ ಹಾಕಿದೆ. ಎಲ್ಲ ವ್ಯತ್ಯಾಸಗಳೂ ಸ್ಪಷ್ಟವಾಗಿ ಕಂಡವು. ಸಂಖ್ಯಾಶಾಸ್ತ್ರ ಬಲ್ಲ ಸಹೋದ್ಯೋಗಿಯೊಬ್ಬರು ನೋಡಿ, ಆಹಾರ ಕೊಟ್ಟದ್ದು ತಾಯಿಗಲ್ಲವೇ ಎಂದು ಮಾತ್ರ ಕೇಳಿದರು. ಒಂದೇ ಗರ್ಭದಲ್ಲಿ ಬೆಳೆದು ಒಂದೇ ಹಾಲು ಕುಡಿದ ಎಂಟು ಮರಿಗಳು ಎಂಟು ಸ್ವತಂತ್ರ ಸಾಕ್ಷಿಗಳಲ್ಲ; ನನ್ನ ಬಳಿ ಇದ್ದದ್ದು 48 ಅಲ್ಲ, 6. ಸೂಲಿನ ಸರಾಸರಿಯಿಂದ ಮತ್ತೆ ಲೆಕ್ಕ ಹಾಕಿದಾಗ ಜನನ ತೂಕದ ವ್ಯತ್ಯಾಸ ಉಳಿಯಿತು, ಕೊಬ್ಬಿನದು ನಿಲ್ಲಲಿಲ್ಲ.

ಇನ್ನೊಂದನ್ನೂ ಆಗ ತಡವಾಗಿ ಯೋಚಿಸಿದೆ. ಮನುಷ್ಯರ ಕೂಸು ಹುಟ್ಟುವಾಗಲೇ ತಕ್ಕಷ್ಟು ಕೊಬ್ಬನ್ನು ಹೊತ್ತು ಬರುತ್ತದೆ. ಹುಟ್ಟಿದ ಇಲಿ ಮರಿಯಲ್ಲಿ ಬಿಳಿ ಕೊಬ್ಬು, ಅಂದರೆ ಶಕ್ತಿಯನ್ನು ಕೂಡಿಡುವ ಕೊಬ್ಬು, ಇಲ್ಲವೆನ್ನುವಷ್ಟು ಕಡಿಮೆ, ಅದು ಕೂಡಿಕೊಳ್ಳುವುದು ಹಾಲು ಕುಡಿಯುವ ದಿನಗಳಲ್ಲಿ. ಆದ್ದರಿಂದ ಕೊಬ್ಬಿನ ವಿಷಯದಲ್ಲಿ ಇಲಿಯ ಹಾಲುಣಿಸುವ ಅವಧಿಯನ್ನು ನಮ್ಮ ಬಸಿರಿನ ಕೊನೆಯ ತಿಂಗಳುಗಳೊಂದಿಗೆ ಹೋಲಿಸುವುದೇ ಹೆಚ್ಚು ಸರಿ ಎಂದು ನನಗನ್ನಿಸುತ್ತದೆ. ಎರಡನೇ ಸಲ ಗುಂಪಿಗೆ 12 ತಾಯಿಗಳನ್ನು ಇಟ್ಟು, ಪ್ರತಿ ಸೂಲಿನಿಂದ ಒಂದು ಗಂಡು, ಒಂದು ಹೆಣ್ಣನ್ನು ಮಾತ್ರ ಕೊಬ್ಬಿನ ಅಳತೆಗೆ ತೆಗೆದುಕೊಂಡೆ.