ಚಿನ್ನದ ರೇಕಿನ ಚಿತ್ರ ಆನ್‌ಲೈನ್‌ಗೆ ಹಾಕುವ ಮುನ್ನ

ಮೈಸೂರು ಶೈಲಿಯ ಚಿತ್ರವನ್ನು ಆನ್‌ಲೈನ್‌ನಲ್ಲಿ ಹಂಚಿಕೊಂಡರೆ ಲಾಭವಿದೆಯೇ? ಇದೆ, ಫೋಟೊ ಸರಿಯಿದ್ದರೆ. ಫ್ಲ್ಯಾಶ್ ಹಾಕಿ ತೆಗೆದರೆ ಚಿನ್ನದ ರೇಕು ಬೆಳ್ಳಗಾಗಿ, ಗೆಸ್ಸೋ (ರೇಕಿನ ಕೆಳಗೆ ಬಳಿದು ಉಬ್ಬಿಸುವ ಲೇಪ) ಕೆಲಸದ ಉಬ್ಬು ಕಾಣುವುದೇ ಇಲ್ಲ. ಚಿತ್ರವನ್ನು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ನಿಲ್ಲಿಸಿ. ಬೆಳಕು ಸುಮಾರು 45 ಡಿಗ್ರಿ ಓರೆಯಿಂದ ಬರಲಿ. ನೆರಳಿನ ಭಾಗಕ್ಕೂ ಬೆಳಕು ಮರಳಿ ಬೀಳುವಂತೆ ಎದುರು ಬದಿಗೆ ಬಿಳಿ ಥರ್ಮೋಕೋಲ್ ಹಾಳೆ ಇಡಿ. ಕ್ಯಾಮೆರಾ ಚಿತ್ರದ ನಡುಮಧ್ಯದ ಎತ್ತರಕ್ಕೇ ಇರಲಿ, ಇಲ್ಲದಿದ್ದರೆ ಅಂಚುಗಳು ಸೊಟ್ಟಗಾಗುತ್ತವೆ. ಗಾಜು ಹಾಕಿಸುವ ಮೊದಲೇ ಇದೆಲ್ಲ ಮುಗಿಸಿ.

ಫೈಲನ್ನು ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ಪ್ರೊಫೈಲ್ ಆದ ಎಸ್‌ಆರ್‌ಜಿಬಿಗೆ ಬದಲಿಸಿ. ಬೇರೆ ಪ್ರೊಫೈಲ್ ಇದ್ದರೆ ಕೆಲವು ಕಡೆ ಬಣ್ಣ ಮಂಕಾಗುತ್ತದೆ. ಅಗಲ 1080 ಪಿಕ್ಸೆಲ್ ಸಾಕು. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಅದು 3.6 ಇಂಚಿನ ಮುದ್ರಣ, ಕದ್ದವರಿಗೆ ಒಳ್ಳೆಯ ಕ್ಯಾಲೆಂಡರಂತೂ ಆಗದು. ಮೂಲೆಯ ವಾಟರ್‌ಮಾರ್ಕ್‌ನ್ನು ಯಾರು ಬೇಕಾದರೂ ಕತ್ತರಿಸಿ ಎಸೆಯಬಹುದು, ಅದನ್ನು ನಂಬಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ನೋಂದಣಿ ಇಲ್ಲದೆಯೂ ಹಕ್ಕು ನಿಮ್ಮದೇ. ಸಾಕ್ಷಿಗೆ ಕರಡು ರೇಖಾಚಿತ್ರ, ಹಂತಹಂತದ ಫೋಟೊಗಳನ್ನು ದಿನಾಂಕ ಸಮೇತ ಇಟ್ಟುಕೊಳ್ಳಿ.

ಚಿತ್ರದ ಜೊತೆ ‘ಹೇಗಿದೆ?’ ಎಂದು ಬರೆದರೆ ‘ಸೂಪರ್’ ಬರುತ್ತದೆ, ಅಷ್ಟೇ. ‘ಎಡಗೈ ಬೆರಳು ದಪ್ಪವಾಯಿತೇ?’ ಎಂದು ಕೇಳಿ, ತಿದ್ದುವವರು ಸಿಗುತ್ತಾರೆ. ಅಳತೆ, ಬೆಲೆ ಬರೆಯದಿದ್ದರೆ ಕೊಳ್ಳಲು ಬಂದವರು ಕೇಳದೆಯೇ ಮುಂದೆ ಹೋಗುತ್ತಾರೆ.