ಇಂಡಕ್ಷನ್ ದಿನಗಳಲ್ಲಿ ಮುಗಿಸಿಕೊಳ್ಳಬೇಕಾದ ಕೆಲಸಗಳು

ತರಗತಿಗಳು ಶುರುವಾಗುವ ಮುನ್ನ ವಿಶ್ವವಿದ್ಯಾಲಯಗಳು ಹೊಸ ವಿದ್ಯಾರ್ಥಿಗಳಿಗೆಂದು ಇಂಡಕ್ಷನ್ ನಡೆಸುತ್ತವೆ. ಕೆಲವೆಡೆ ಇದಕ್ಕೆ ಓರಿಯೆಂಟೇಶನ್ ಎನ್ನುತ್ತಾರೆ. ಒಂದೇ ದಿನಕ್ಕೆ ಮುಗಿಯುವುದುಂಟು, ವಾರಗಟ್ಟಲೆ ನಡೆಯುವುದೂ ಉಂಟು. ಅಮೆರಿಕದ ಸೌತ್ ಕರೋಲಿನಾ ವಿಶ್ವವಿದ್ಯಾಲಯವಂತೂ 1972ರಿಂದ ಹೊಸಬರಿಗಾಗಿಯೇ ಒಂದು ಕೋರ್ಸ್ ಇಟ್ಟು ಇದನ್ನೆಲ್ಲ ಕಲಿಸುತ್ತಿದೆ. ಸ್ವಾಗತ ಭಾಷಣ ಕೇಳಲು ಯಾಕೆ ಹೋಗಬೇಕು ಎಂದು ತಪ್ಪಿಸಿಕೊಳ್ಳುವವರಿದ್ದಾರೆ. ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ಭಾಷಣಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ: ಪ್ರವೇಶ ವಿಭಾಗ, ಐಟಿ ವಿಭಾಗ, ಲೈಬ್ರರಿ, ನಿಮ್ಮ ಅಧ್ಯಯನ ವಿಭಾಗ ಇವರೆಲ್ಲ ಹೊಸಬರ ಪ್ರಶ್ನೆಗಳಿಗೆಂದೇ ಕೂತಿರುವ ದಿನಗಳಿವು. ಈಗ ಹತ್ತು ನಿಮಿಷದಲ್ಲಿ ಸರಿಹೋಗುವ ತಪ್ಪು ಪರೀಕ್ಷೆಯ ಹೊತ್ತಿಗೆ ಅರ್ಜಿ, ಸಹಿ, ಅಲೆದಾಟ ಎಂದು ಬೆಳೆದುಬಿಡುತ್ತದೆ.

ಹೊರಡುವ ಮುನ್ನ

ಪ್ರವೇಶ ಪತ್ರ, ಅಂಕಪಟ್ಟಿಗಳ ಮೂಲ ಪ್ರತಿ, ಭಾವಚಿತ್ರವಿರುವ ಗುರುತಿನ ಚೀಟಿ, ಶುಲ್ಕದ ರಸೀದಿ, ಪಾಸ್‌ಪೋರ್ಟ್ ಅಳತೆಯ ಫೋಟೊ ಇವಿಷ್ಟನ್ನು ಒಂದೇ ಫೈಲಿನಲ್ಲಿಡಿ. ಜೊತೆಗೆ ಎರಡು ಸೆಟ್ ಜೆರಾಕ್ಸ್ ಇರಲಿ. ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ ಫೋನಿನಲ್ಲೂ ಇಟ್ಟುಕೊಳ್ಳಿ. ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಒಂದು ದಾಖಲೆಯಲ್ಲಿ ಇನಿಷಿಯಲ್, ಮತ್ತೊಂದರಲ್ಲಿ ಪೂರ್ಣ ಹೆಸರು, ಮೂರನೆಯದರಲ್ಲಿ ಒಂದು ಅಕ್ಷರ ಹೆಚ್ಚು. ನೋಂದಣಿಯಲ್ಲಿ ದಾಖಲಾದ ಹೆಸರೇ ಮುಂದೆ ಪದವಿ ಪ್ರಮಾಣಪತ್ರಕ್ಕೂ ಹೋಗುತ್ತದೆ. ಹಾಗಾಗಿ ಕಂಪ್ಯೂಟರ್ ಪರದೆಯ ಮೇಲೆ ಹೆಸರು, ಹುಟ್ಟಿದ ದಿನಾಂಕ, ಕೋರ್ಸಿನ ಹೆಸರು ಮೂರನ್ನೂ ಓದಿ ನೋಡಿದ ಮೇಲೆಯೇ ‘ಸರಿ’ ಎನ್ನಿ. ಮೂಲ ದಾಖಲೆಯನ್ನು ಯಾರಾದರೂ ಇಟ್ಟುಕೊಂಡರೆ ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬೇಡಿ.

ಮೊದಲ ದಿನ: ನೋಂದಣಿ ಮತ್ತು ಖಾತೆ

ಇಲ್ಲಿ ಕೆಲಸದ ಸರದಿ ತಪ್ಪಬಾರದು. ನೋಂದಣಿ ಮುಗಿದರೆ ವಿದ್ಯಾರ್ಥಿ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯಿಂದ ಖಾತೆ ತೆರೆಯುತ್ತದೆ. ಖಾತೆ ತೆರೆದರೆ ಇಮೇಲ್, ವೈ-ಫೈ, ವೇಳಾಪಟ್ಟಿ, ಲೈಬ್ರರಿ ಎಲ್ಲವೂ ಕೈಗೆ ಬರುತ್ತವೆ. ವೈ-ಫೈ ಬರುತ್ತಿಲ್ಲ ಎಂದು ಐಟಿ ಕೌಂಟರಿನಲ್ಲಿ ಸಾಲು ನಿಂತವರಲ್ಲಿ ಕೆಲವರಿಗೆ ನಿಜವಾಗಿ ಬಾಕಿಯಿರುವುದು ನೋಂದಣಿ.

ಲಾಗಿನ್ ಆಗುವಾಗ ಫೋನಿಗೆ ಕೋಡ್ ಬರುವ ವ್ಯವಸ್ಥೆ ಇದ್ದರೆ, ಸದ್ಯದಲ್ಲಿ ಬದಲಾಯಿಸಲಿರುವ ನಂಬರ್ ಕೊಡಬೇಡಿ. ಬ್ಯಾಕಪ್ ಕೋಡ್ ಕೊಟ್ಟರೆ ಕಾಗದದ ಮೇಲೆ ಬರೆದಿಡಿ, ಏಕೆಂದರೆ ಫೋನ್ ಕಳೆದುಹೋದಾಗ ಫೋನಿನಲ್ಲಿಟ್ಟ ಕೋಡ್ ಉಪಯೋಗಕ್ಕೆ ಬಾರದು.

ಎಡ್ಯುರೋಮ್ ವೈ-ಫೈ ಬಗ್ಗೆ ಎರಡು ಮಾತು. ನೂರಕ್ಕೂ ಹೆಚ್ಚು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಇದಿದೆ. ನಿಮ್ಮ ವಿಶ್ವವಿದ್ಯಾಲಯ ಇದರಲ್ಲಿ ಸೇರಿದ್ದರೆ, ಬೇರೆ ಕ್ಯಾಂಪಸ್ಸಿಗೆ ಹೋದಾಗಲೂ ನಿಮ್ಮದೇ ಖಾತೆಯಿಂದ ಸಂಪರ್ಕ ಸಿಗುತ್ತದೆ. ಬಳಕೆದಾರರ ಹೆಸರನ್ನು ‘ಅಟ್’ ಚಿಹ್ನೆ ಮತ್ತು ಅದರ ಮುಂದಿನ ಸಂಸ್ಥೆಯ ವಿಳಾಸದ ಸಮೇತ ಪೂರ್ತಿ ಟೈಪ್ ಮಾಡಬೇಕು. ಆ ಭಾಗ ಬಿಟ್ಟರೆ ನಿಮ್ಮ ಕ್ಯಾಂಪಸ್ಸಿನಲ್ಲಿ ಹೇಗೋ ನಡೆದೀತು, ಹೊರಗೆ ನಡೆಯುವುದಿಲ್ಲ. ನಿಮ್ಮ ಗುರುತನ್ನು ಯಾವ ಸಂಸ್ಥೆಯನ್ನು ಕೇಳಿ ಖಾತ್ರಿಪಡಿಸಿಕೊಳ್ಳಬೇಕೆಂದು ಅಲ್ಲಿನ ಸರ್ವರಿಗೆ ತಿಳಿಯುವುದು ಆ ವಿಳಾಸದಿಂದಲೇ. ಇನ್ನೊಂದು: ಮುಂದೆ ಪಾಸ್‌ವರ್ಡ್ ಬದಲಿಸಿದ ದಿನವೇ ಫೋನ್, ಲ್ಯಾಪ್‌ಟಾಪ್ ಎರಡರಲ್ಲೂ ಹೊಸದನ್ನು ಹಾಕಿ. ಇಲ್ಲದಿದ್ದರೆ ಜೇಬಿನಲ್ಲಿರುವ ಫೋನ್ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳಿಸಿ ಖಾತೆಯೇ ಲಾಕ್ ಆಗಬಹುದು.

ವಿಭಾಗದ ಸಭೆ

ಒಂದೇ ಕಾರ್ಯಕ್ರಮಕ್ಕೆ ಹೋಗಲು ಸಮಯವಿದೆ ಎಂದಾದರೆ ಇದಕ್ಕೇ ಹೋಗಿ. ಪಾಠ ಮಾಡುವವರು, ಅಂಕ ಕೊಡುವವರು, ಕಷ್ಟ ಬಂದಾಗ ಸಹಿ ಹಾಕುವವರು ಎಲ್ಲರೂ ಒಂದೇ ಕೋಣೆಯಲ್ಲಿ ಸಿಗುವುದು ಇಲ್ಲಿ. ಕೋರ್ಸಿನ ಕೈಪಿಡಿ ಕೊಟ್ಟರೆ ಹಿಂದಿನ ರಾತ್ರಿಯೇ ಓದಿ, ಅದರಲ್ಲಿ ಉತ್ತರವಿಲ್ಲದ್ದನ್ನು ಕೇಳಿ. ಆಂತರಿಕ ಮೌಲ್ಯಮಾಪನಕ್ಕೆ ಎಷ್ಟು ಅಂಕ, ಕೊನೆಯ ಪರೀಕ್ಷೆಗೆ ಎಷ್ಟು? ಅಸೈನ್‌ಮೆಂಟ್ ಒಂದು ದಿನ ತಡವಾದರೆ ಎಷ್ಟು ಅಂಕ ಕಡಿತ? ಹಾಜರಾತಿ ಕಡಿಮೆಯಾದರೆ ಏನು? ಕಾಯಿಲೆ ಬಿದ್ದರೆ ಯಾರಿಗೆ, ಎಷ್ಟು ದಿನದೊಳಗೆ ತಿಳಿಸಬೇಕು? ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಎಲ್ಲಿಯವರೆಗೆ ಬಳಸಬಹುದು? ಕೊನೆಯ ಪ್ರಶ್ನೆಯನ್ನು ಪ್ರತಿ ವಿಷಯಕ್ಕೂ ಬೇರೆಯಾಗಿ ಕೇಳಬೇಕು. ಒಬ್ಬ ಅಧ್ಯಾಪಕರು ಒಪ್ಪಿದ್ದನ್ನು ಇನ್ನೊಬ್ಬರು ನಕಲು ಎಂದು ಪರಿಗಣಿಸಬಹುದು.

ಕೃತಿಚೌರ್ಯದ ಬಗ್ಗೆಯೂ ಇಲ್ಲೇ ಹೇಳುತ್ತಾರೆ. ಸಾಮ್ಯತೆ ಪತ್ತೆಹಚ್ಚುವ ತಂತ್ರಾಂಶ ತೋರಿಸುವ ಶೇಕಡಾವಾರು ಕೃತಿಚೌರ್ಯದ ಪ್ರಮಾಣವಲ್ಲ, ಬೇರೆಡೆಯ ಬರಹದೊಂದಿಗೆ ಹೊಂದುವ ಪಠ್ಯದ ಪ್ರಮಾಣ ಅಷ್ಟೆ. ಸರಿಯಾಗಿ ಉದ್ಧರಿಸಿದ ವಾಕ್ಯಗಳೂ ಅದರಲ್ಲಿ ಸೇರಬಹುದು. ಹಾಗೆಯೇ ಶೇಕಡಾ 5 ಮಾತ್ರ ಬಂದರೂ ಆ ಐದು ಯಾರದೋ ಇಡೀ ಪ್ಯಾರಾ ಆಗಿದ್ದರೆ ತಪ್ಪು ತಪ್ಪೇ.

ಕ್ರೆಡಿಟ್ ಲೆಕ್ಕ

ಒಂದು ವಿಷಯ ಎಷ್ಟು ಶ್ರಮ ಬೇಡುತ್ತದೆ ಎಂಬುದರ ಅಳತೆಯೇ ಕ್ರೆಡಿಟ್. ವಿಷಯಗಳನ್ನು ಆಯ್ದುಕೊಳ್ಳುವಾಗ ಅದನ್ನು ಗಂಟೆಗಳಿಗೆ ತಿರುಗಿಸಿ ನೋಡಿ. ಯುರೋಪಿನ ದೇಶಗಳು ಬಳಸುವ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ಪೂರ್ಣಾವಧಿಯ ಒಂದು ವರ್ಷಕ್ಕೆ 60 ಕ್ರೆಡಿಟ್, ಸಾಮಾನ್ಯವಾಗಿ ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಗಳ ಒಟ್ಟು ಶ್ರಮ. ಅಂದರೆ 5 ಕ್ರೆಡಿಟ್ಟಿನ ವಿಷಯಕ್ಕೆ 125ರಿಂದ 150 ಗಂಟೆ. ಅದರಲ್ಲಿ ತರಗತಿ 40 ಗಂಟೆಯಾದರೆ ಉಳಿದದ್ದು ನಿಮ್ಮ ಓದು. ಅಮೆರಿಕದ ಪದ್ಧತಿಯಲ್ಲಿ ಒಂದು ಕ್ರೆಡಿಟ್ಟಿಗೆ ವಾರಕ್ಕೆ ಒಂದು ಗಂಟೆ ತರಗತಿ, ಹೊರಗೆ ಕನಿಷ್ಠ ಎರಡು ಗಂಟೆ ಓದು. 15 ಕ್ರೆಡಿಟ್ ತೆಗೆದುಕೊಂಡರೆ ವಾರಕ್ಕೆ 45 ಗಂಟೆ. ವೇಳಾಪಟ್ಟಿಯಲ್ಲಿ ಖಾಲಿ ಕಾಣುವ ಮಧ್ಯಾಹ್ನಗಳು ನಿಜವಾಗಿ ಖಾಲಿಯಲ್ಲ. ಅರೆಕಾಲಿಕ ಕೆಲಸಕ್ಕೆ ಹೋಗಬೇಕಾದವರು ಈ ಲೆಕ್ಕವನ್ನು ಮೊದಲೇ ಹಾಕಿಕೊಂಡರೆ ಒಳ್ಳೆಯದು.

ಆಯ್ದ ವಿಷಯಗಳ ತರಗತಿಗಳು ಒಂದೇ ಸಮಯಕ್ಕೆ ಬೀಳುತ್ತವೆಯೇ, ಮುಂದಿನ ವರ್ಷದ ವಿಷಯಕ್ಕೆ ಈ ವರ್ಷ ಯಾವುದನ್ನು ಪಾಸಾಗಿರಬೇಕು ಎಂಬುದನ್ನೂ ನೋಡಿ. ವಿಷಯ ಬದಲಿಸಲು ಕೊನೆಯ ದಿನ ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳಿ.

ಲೈಬ್ರರಿ, ಲ್ಯಾಬ್, ದಾರಿ

ಲೈಬ್ರರಿ ಸುತ್ತಾಟದಲ್ಲಿ ಪಟ್ಟಿಯಿಂದ ಒಂದು ಪುಸ್ತಕ ಹುಡುಕಿ, ಕಪಾಟಿನಿಂದ ನೀವೇ ತೆಗೆದು ನೋಡಿ. 1876ರಲ್ಲಿ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ದಶಾಂಶ ವರ್ಗೀಕರಣ (ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಪದ್ಧತಿ) ಬಳಸುವ ಕಡೆ ಹೊಸಬರು ಒಂದೇ ಜಾಗದಲ್ಲಿ ದಾರಿ ತಪ್ಪುತ್ತಾರೆ. 530.12 ಎಂಬ ಸಂಖ್ಯೆಯ ಪುಸ್ತಕ 530.4ಕ್ಕಿಂತ ಮೊದಲು ಇರುತ್ತದೆ. ಚುಕ್ಕಿಯ ನಂತರದ್ದನ್ನು ‘ಹನ್ನೆರಡು’ ಎಂದು ಓದಬಾರದು, ಒಂದೊಂದೇ ಅಂಕಿಯಾಗಿ ನೋಡಬೇಕು.

ಪ್ರಯೋಗಾಲಯದ ಸುರಕ್ಷತಾ ತರಬೇತಿಗೆ ಸಹಿ ಇಲ್ಲದಿದ್ದರೆ ಅನೇಕ ಕಡೆ ಒಳಗೇ ಬಿಡುವುದಿಲ್ಲ. ಬೆಂಕಿ ಬಿದ್ದಾಗ ಸೇರಬೇಕಾದ ಜಾಗ, ಕಣ್ಣು ತೊಳೆಯುವ ನಲ್ಲಿ ಎಲ್ಲಿವೆ ಎಂದು ನೋಡಿಟ್ಟುಕೊಳ್ಳಿ. ವೇಳಾಪಟ್ಟಿ ಕೈಗೆ ಬಂದ ಮೇಲೆ ಅದರ ಪ್ರಕಾರ ಒಮ್ಮೆ ಕೋಣೆಯಿಂದ ಕೋಣೆಗೆ ನಡೆಯಿರಿ. ಎರಡು ತರಗತಿಗಳ ನಡುವೆ ಹತ್ತೇ ನಿಮಿಷವಿದ್ದು ದಾರಿಗೆ ಹದಿನೈದು ಬೇಕು ಎಂಬುದು ಮೊದಲೇ ತಿಳಿದಿರಲಿ.

ಕ್ಲಬ್ಬುಗಳಲ್ಲಿ ಎರಡಕ್ಕೆ ಹೆಸರು ಕೊಟ್ಟರೆ ಸಾಕು.

ಕೇಳಲು ಹಿಂಜರಿಯಬಾರದ ನೆರವು

ಅಂಗವೈಕಲ್ಯ, ಕಲಿಕೆಯ ತೊಂದರೆ, ದೀರ್ಘಕಾಲದ ಕಾಯಿಲೆ ಇರುವವರು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಅಥವಾ ಬರಹಗಾರರ ನೆರವು ಪಡೆಯಲು ವೈದ್ಯಕೀಯ ದಾಖಲೆಗಳನ್ನು ಈ ವಾರವೇ ಕೊಡಿ. ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಪರೀಕ್ಷೆಯ ಹಿಂದಿನ ದಿನ ಕೇಳಿದರೆ ಕೊಡುವ ಮನಸ್ಸಿದ್ದರೂ ದಾರಿ ಇರುವುದಿಲ್ಲ. ಆಪ್ತಸಮಾಲೋಚಕರ ಕೋಣೆ ಎಲ್ಲಿದೆ ಎಂದು ಎಲ್ಲರೂ ತಿಳಿದುಕೊಳ್ಳಿ. ಮನೆ ಬಿಟ್ಟು ಬಂದವರಿಗೆ ಮೊದಲ ವಾರದ ಗದ್ದಲ ಕಳೆದ ಮೇಲೆ ಒಂಟಿತನ ಕಾಡುವುದು ಸಹಜ. ಪರಿಚಯದ ನೆಪದಲ್ಲಿ ಸೀನಿಯರುಗಳು ಅವಮಾನ ಮಾಡಿದರೆ ಅದು ರ‍್ಯಾಗಿಂಗ್. ಸಹಿಸಿಕೊಳ್ಳಬೇಡಿ, ಅದೇ ದಿನ ದೂರು ಕೊಡಿ.

ಕೇಳಿದ್ದನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳಲು ಹೋಗಬೇಡಿ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದು ದಿನ ಕಳೆಯುವಷ್ಟರಲ್ಲಿ ಕಲಿತದ್ದರ ಮೂರನೇ ಒಂದರಷ್ಟು ಮಾತ್ರ ಉಳಿದಿತ್ತು. ಕಟ್ಟಡ, ಕಚೇರಿ, ಗಡುವುಗಳ ಹೆಸರುಗಳೂ ಮೊದಲ ದಿನ ಹೆಚ್ಚುಕಡಿಮೆ ಹಾಗೆಯೇ ಕೇಳಿಸುತ್ತವೆ. ಪ್ರತಿ ರಾತ್ರಿ ಒಂದು ಪುಟದಲ್ಲಿ ಗಡುವು, ಕೋಣೆ ಸಂಖ್ಯೆ, ಯಾವ ಕೆಲಸಕ್ಕೆ ಯಾರನ್ನು ಕಾಣಬೇಕು ಎಂಬ ಮೂರನ್ನೇ ಬರೆಯಿರಿ.

ಇಂಡಕ್ಷನ್ ತಪ್ಪಿಯೇ ಹೋಗಿದ್ದರೆ ವಿಶ್ವವಿದ್ಯಾಲಯ ಕೊಟ್ಟ ಇಮೇಲಿನಿಂದಲೇ ವಿಭಾಗದ ಕಚೇರಿಗೆ ಬರೆಯಿರಿ. ವಿದ್ಯಾರ್ಥಿ ಸಂಖ್ಯೆ ನಮೂದಿಸಿ, ಕೈಪಿಡಿ, ಸಭೆಯಲ್ಲಿ ತೋರಿಸಿದ ಸ್ಲೈಡುಗಳು ಮತ್ತು ಲ್ಯಾಬ್ ತರಬೇತಿಯ ಮುಂದಿನ ದಿನಾಂಕ ಕೇಳಿ. ಎರಡು ದಿನದಲ್ಲಿ ಉತ್ತರ ಬರದಿದ್ದರೆ ಕಚೇರಿಗೇ ಹೋಗಿ ವಿಚಾರಿಸಿ.