ಯಾರು ಡೈರೆಕ್ಟ್, ಯಾರು ಓವರ್‌ಹೆಡ್? ನಮ್ಮ ಆಫೀಸಿನ ಗಂಟೆಯ ಲೆಕ್ಕ

ಮೂರು ವರ್ಷದ ಹಿಂದೆ ಒಂದು ತಿಂಗಳು ನಮ್ಮ ಆಫೀಸಿನ ಯುಟಿಲೈಸೇಶನ್, ಅಂದರೆ ಸಂಬಳ ಕೊಟ್ಟ ಗಂಟೆಯಲ್ಲಿ ಪ್ರಾಜೆಕ್ಟ್‌ಗೆ ಹೋದ ಪಾಲು, 84% ಬಂತು. ಅದೇ ತಿಂಗಳು ಸಂಬಳ ಕೊಡಲು ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲಕ್ಕೆ ಕೈ ಹಾಕಬೇಕಾಯಿತು. ಎಲ್ಲರೂ ಇಷ್ಟು ದುಡಿದಿದ್ದಾರೆ, ದುಡ್ಡು ಎಲ್ಲಿ ಹೋಯಿತು? ಆ ರಾತ್ರಿ ಎಕ್ಸೆಲ್ ಶೀಟ್ ತೆರೆದು ಕೂತೆ.

ನಮ್ಮದು ಮೈಸೂರಿನಲ್ಲಿ 12 ಜನರ ಆರ್ಕಿಟೆಕ್ಟ್ ಆಫೀಸು. ನಾನು, ಒಬ್ಬರು ಅಸೋಸಿಯೇಟ್, 4 ಜನ ಜೂನಿಯರ್‌ಗಳು, 2 ಡ್ರಾಫ್ಟ್ಸ್‌ಮನ್, ಒಬ್ಬರು ಸೈಟ್ ಇಂಜಿನಿಯರ್, ಪ್ಲಾನ್ ಸ್ಯಾಂಕ್ಷನ್‌ಗೆ (ಕಟ್ಟಡದ ನಕ್ಷೆಗೆ ಮಂಜೂರಾತಿ) ಓಡಾಡುವವರು ಒಬ್ಬರು, ಅಕೌಂಟ್ಸ್‌ಗೆ ಒಬ್ಬರು, ಆಫೀಸ್ ಸಹಾಯಕರು ಒಬ್ಬರು. ತಿಂಗಳಿಗೆ ತಲಾ 200 ಗಂಟೆ. 25 ದಿನ, ದಿನಕ್ಕೆ 8.

ಪ್ರಾಜೆಕ್ಟ್‌ಗಳಿಗೆ ಹೋದ ಗಂಟೆಯನ್ನು ಸಂಬಳ ಕೊಟ್ಟ ಒಟ್ಟು ಗಂಟೆಯಿಂದ ಭಾಗಿಸಿದರೆ ಯುಟಿಲೈಸೇಶನ್ ಸಿಗುತ್ತದೆ. ಲೆಕ್ಕ ಇಷ್ಟೇ. ಆದರೆ ಅದರೊಳಗೆ ಯಾರನ್ನು ಸೇರಿಸುತ್ತೀರಿ, ಯಾರನ್ನು ಬಿಡುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ನಾನು ಕಂಪ್ಯೂಟರ್ ಮುಂದೆ ಡ್ರಾಯಿಂಗ್ ಮಾಡುವ 6 ಜನರನ್ನು ಮಾತ್ರ ಹಿಡಿದಿದ್ದೆ. 1200ರಲ್ಲಿ 1010 ಗಂಟೆ, ಅದೇ ಆ 84%. ನನ್ನನ್ನೂ ಸೇರಿಸಿ ಉಳಿದ 6 ಜನರನ್ನು ಓವರ್‌ಹೆಡ್, ಅಂದರೆ ಯಾವ ಪ್ರಾಜೆಕ್ಟ್‌ಗೂ ಸೇರದ ಆಫೀಸಿನ ಖರ್ಚು, ಅಂತ ಒಂದೇ ಸಾಲಿಗೆ ತಳ್ಳಿದ್ದೆ. ಅವರಿಗೆ ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ ಬರೆದಿಡುವ ಟೈಮ್‌ಶೀಟೇ ಇರಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಸ್ಯಾಂಕ್ಷನ್ ಕೆಲಸ. ಅದನ್ನು ನೋಡಿಕೊಳ್ಳುವವರು ಹೆಚ್ಚು ಹೊತ್ತು ಆಫೀಸಿನಲ್ಲಿ ಇರುವುದಿಲ್ಲ. ಬೆಳಿಗ್ಗೆ ಫೈಲ್ ಹಿಡಿದು ಪಾಲಿಕೆಗೋ ಪ್ರಾಧಿಕಾರಕ್ಕೋ ಹೊರಟರೆ ಮಧ್ಯಾಹ್ನವೇ ಮುಖ ಕಾಣುವುದು. ಖಾತೆ, ಕಂದಾಯ ರಸೀದಿ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ) ಬಗ್ಗೆ ಬಂದ ಆಕ್ಷೇಪ, ತಿದ್ದಿದ ಡ್ರಾಯಿಂಗ್ ಮತ್ತೆ ಕೊಡುವುದು, ಎಲ್ಲ ಅವರದ್ದೇ. ಅವರ ಜೇಬಿನಲ್ಲಿ ಯಾವಾಗಲೂ ಒಂದು ಚಿಕ್ಕ ಡೈರಿ ಇರುತ್ತದೆ. ಯಾವ ಫೈಲು, ಎಷ್ಟು ಹೊತ್ತಿಗೆ ಹೋದದ್ದು, ಯಾರು ಏನು ಹೇಳಿದರು, ಎಲ್ಲ ನೀಲಿ ಪೆನ್ನಿನಲ್ಲಿ ಬರೆದಿರುತ್ತಾರೆ. ನಮ್ಮ ಆಫೀಸಿನ ಅತ್ಯಂತ ನಂಬಿಕಸ್ಥ ಟೈಮ್‌ಶೀಟ್ ಅದೇ ಆಗಿತ್ತು. ಅದನ್ನು ಒಂದು ದಿನವೂ ನಾನು ಕೇಳಿ ನೋಡಿರಲಿಲ್ಲ.

ಡೈರಿ ತೆಗೆದುಕೊಂಡು ಆ ತಿಂಗಳಿನದನ್ನು ಶೀಟಿಗೆ ಇಳಿಸಿದೆವು. 200ರಲ್ಲಿ 130 ಗಂಟೆ ನೇರವಾಗಿ ಒಂದಲ್ಲ ಒಂದು ಪ್ರಾಜೆಕ್ಟ್‌ನದ್ದು. ಒಂದು ಸಣ್ಣ ಅಪಾರ್ಟ್‌ಮೆಂಟಿಗೇ 46 ಗಂಟೆ. ಆ ಪ್ರಾಜೆಕ್ಟ್‌ಗೆ ಫೀ ಹೇಳುವಾಗ ಸ್ಯಾಂಕ್ಷನ್‌ಗೆ ಅಂತ ನಾನು ಏನನ್ನೂ ಇಟ್ಟಿರಲಿಲ್ಲ.

"ಮೇಡಂ, ಇವತ್ತು ಮೂರು ಫೈಲ್ ಒಂದೇ ಕಡೆ ಇದ್ವು. ಯಾವುದಕ್ಕೆ ಬರೀಲಿ?" ಅಂತ ಅವರು ಕೇಳಿದರು. ಮೂರಕ್ಕೂ ಸಮನಾಗಿ ಹಂಚಿ ಅಂದೆ. ನಿಖರತೆಗಿಂತ ಪ್ರತಿದಿನ ಬರೆಯುವುದು ಮುಖ್ಯ.

ಅಲ್ಲಿಂದ ಹುದ್ದೆ ನೋಡಿ ವಿಂಗಡಿಸುವುದನ್ನು ಬಿಟ್ಟೆ. ಆರ್ಕಿಟೆಕ್ಟ್ಸ್ ಆ್ಯಕ್ಟ್ 1972ರ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗದವರು ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ಆ ನಿಯಮ ಸರಿ. ಆದರೆ ಗಂಟೆಯ ಲೆಕ್ಕಕ್ಕೆ ಆ ಹೆಸರು ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ 20 ವರ್ಷದಿಂದ ಬೋರ್ಡ್ ಮೇಲೂ ಕಂಪ್ಯೂಟರ್ ಮೇಲೂ ಕೆಲಸ ಮಾಡಿದವರು. ಅವರ ಒಂದು ಗಂಟೆ ಪ್ರಾಜೆಕ್ಟ್‌ಗೆ ಹೋಗುತ್ತದೆ. ನೋಂದಣಿ ಆಗಿರುವ ನಾನು ಹೊಸ ಕ್ಲೈಂಟ್ ಹುಡುಕಲು ಕಳೆದ ಗಂಟೆ ಹೋಗುವುದಿಲ್ಲ. ಈಗ ಪ್ರತಿ ಗಂಟೆಗೂ ಒಂದೇ ಪ್ರಶ್ನೆ: ಈ ಪ್ರಾಜೆಕ್ಟ್ ಇಲ್ಲದಿದ್ದರೆ ಈ ಕೆಲಸ ಇರುತ್ತಿತ್ತಾ? ಇರುತ್ತಿರಲಿಲ್ಲ ಅಂದರೆ ಡೈರೆಕ್ಟ್.

ಬಿಲ್ಲೆಬಲ್, ಅಂದರೆ ಕ್ಲೈಂಟ್‌ಗೆ ಬಿಲ್ ಮಾಡಬಹುದಾದ ಗಂಟೆ, ಅನ್ನುವ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ನಮ್ಮಲ್ಲಿ ಹೆಚ್ಚಿನ ಫೀ ಕಟ್ಟಡದ ವೆಚ್ಚದ ಶೇಕಡಾವಾರು ಇಲ್ಲವೇ ಚದರಡಿ ಲೆಕ್ಕದಲ್ಲಿ ಬರುತ್ತದೆ. ಗಂಟೆಗೆ ಯಾರೂ ಬಿಲ್ ಮಾಡುವುದಿಲ್ಲ, ಅಲ್ವಾ? ನಮ್ಮದೇ ತಪ್ಪಿನಿಂದ ಮೆಟ್ಟಿಲಿನ ಡ್ರಾಯಿಂಗ್ ಎರಡನೇ ಸಲ ಮಾಡಿದರೂ ಆ ಗಂಟೆ ಪ್ರಾಜೆಕ್ಟ್‌ನದ್ದೇ. ಅದನ್ನು ಓವರ್‌ಹೆಡ್‌ಗೆ ಹಾಕಿದರೆ ಆ ಪ್ರಾಜೆಕ್ಟ್ ಲಾಭದಲ್ಲಿದೆ ಅಂತ ಸುಮ್ನೆ ಖುಷಿ ಪಡುತ್ತೇವೆ.

ಹೊಸ ವಿಂಗಡಣೆಯಲ್ಲಿ ಡ್ರಾಯಿಂಗ್‌ನವರ 1010ಕ್ಕೆ ಅಸೋಸಿಯೇಟ್‌ದು 120, ಸೈಟ್ ಇಂಜಿನಿಯರ್‌ದು 150, ಸ್ಯಾಂಕ್ಷನ್ 130, ನನ್ನದು 70 ಸೇರಿ ಒಟ್ಟು 1480 ಆಯಿತು. ಪ್ರಾಜೆಕ್ಟ್ ಕೆಲಸ ಇರುವ 10 ಜನರ ಮೇಲೆ ಲೆಕ್ಕ ಹಾಕಿದರೆ 74%. ಇಡೀ ಆಫೀಸಿನ 2400 ಗಂಟೆ ಹಿಡಿದರೆ ಸುಮಾರು 62%. ಎರಡನ್ನೂ ಇಡುತ್ತೇನೆ. ಮೊದಲನೆಯದು ಕೆಲಸ ಹಂಚಲು. ಎರಡನೆಯದು ಆಫೀಸು ನಡೆಯಲು ಎಷ್ಟು ಪ್ರಾಜೆಕ್ಟ್ ಬೇಕು ಅಂತ ನೋಡಲು. ಫೀ ಹೇಳುವಾಗ ಬಾಡಿಗೆ, ಸಾಫ್ಟ್‌ವೇರ್, ಎಲ್ಲರ ಸಂಬಳ, ನನ್ನದಕ್ಕೂ ಒಂದು ಮೊತ್ತ ಸೇರಿಸಿ 1480ರಿಂದ ಭಾಗಿಸುತ್ತೇನೆ. ಉದಾಹರಣೆಗೆ ಖರ್ಚು 7.4 ಲಕ್ಷವಾದರೆ ಗಂಟೆಗೆ 500 ರೂಪಾಯಿ ಬೀಳುತ್ತದೆ. ಅದಕ್ಕಿಂತ ಕಡಿಮೆಗೆ ಒಪ್ಪಿದರೆ ಕೈಯಿಂದ ಹಾಕಿದ ಹಾಗೆ.

ಇಂಟರ್ನ್‌ಗಳನ್ನು ಬೇರೆ ಸಾಲಿನಲ್ಲಿ ಇಡುತ್ತೇನೆ. ಬಿ.ಆರ್ಕ್ ಟ್ರೈನಿಂಗ್‌ಗೆ ಬಂದು ಕೆಲವೇ ತಿಂಗಳಲ್ಲಿ ಹೋಗುತ್ತಾರೆ. ಅವರನ್ನು ಸೇರಿಸಿದರೆ ಸಂಖ್ಯೆ ಸುಮ್ನೆ ಏರಿಳಿಯುತ್ತದೆ. ರಜೆಯನ್ನು ಕಳೆಯುವುದಿಲ್ಲ, ಸಂಬಳ ಕೊಟ್ಟಿರುತ್ತೇವಲ್ಲ. ಹಾಗಾಗಿ ದಸರಾ ತಿಂಗಳು ಕಡಿಮೆ ಬಂದರೆ ಗಾಬರಿ ಇಲ್ಲ, ವರ್ಷದ ಸರಾಸರಿ ನೋಡುತ್ತೇನೆ. ಅಮೆರಿಕದವರ ಟಾರ್ಗೆಟ್ ತಂದು ಹೋಲಿಸುವವರು ಒಂದು ಗಮನಿಸಿ. ಅವರ ವರ್ಷ ಸಾಮಾನ್ಯವಾಗಿ 52 ವಾರ, ವಾರಕ್ಕೆ 40 ಗಂಟೆ, ಒಟ್ಟು 2080. ನಮ್ಮದು ತಿಂಗಳಿಗೆ 200ರಂತೆ ಒಬ್ಬರಿಗೆ ವರ್ಷಕ್ಕೆ 2400.

ಹೋದ ವರ್ಷ ಇನ್‌ಕ್ರಿಮೆಂಟ್ ಸಮಯದಲ್ಲಿ ಅಸೋಸಿಯೇಟ್ ಸ್ವಲ್ಪ ಅಂಜುತ್ತಲೇ ನನ್ನ ಹತ್ತಿರ ಬಂದರು. ಅವರದು 60%ನಿಂದ 45%ಗೆ ಇಳಿದಿತ್ತು. ಟೈಮ್‌ಶೀಟ್ ತೆರೆದು ಜೊತೆಗೇ ನೋಡಿದೆವು. ಇಳಿದ ಗಂಟೆಗಳಲ್ಲಿ ಹೆಚ್ಚಿನವು ಇಬ್ಬರು ಜೂನಿಯರ್‌ಗಳಿಗೆ ವರ್ಕಿಂಗ್ ಡ್ರಾಯಿಂಗ್ ಕಲಿಸಿದ್ದಕ್ಕೆ ಹೋಗಿದ್ದವು. ಆ ಜೂನಿಯರ್‌ಗಳ ಡ್ರಾಯಿಂಗ್ ಈಗ ಸೈಟಿನಿಂದ ವಾಪಸ್ ಬರುವುದು ತುಂಬಾ ಕಡಿಮೆ. ಅಸೋಸಿಯೇಟ್‌ಗೆ ಇನ್‌ಕ್ರಿಮೆಂಟ್ ಕೊಟ್ಟೆ. ಶೀಟಿನಲ್ಲಿ 'ಕಲಿಸುವುದು' ಅಂತ ಹೊಸ ಕೋಡ್ ಸೇರಿಸಿದೆ, ಅವರ ಟಾರ್ಗೆಟ್ ಅನ್ನು 45%ಗೆ ಬದಲಿಸಿದೆ.